ಹತ್ತೊಂಬತ್ತು ಮನೆಗಳ ಹಿಂಬಾಗಿಲು

ಅವಳ ಕಥೆ ಬರೆದುಕೊಳ್ಳಲು ಹೋದ ನನಗೆ ಮೊದಲ ಮಾತುಕತೆಯ ದಿನ ನಿಗದಿಯಾಗಲು ಮೂರು ವಾರ ಹಿಡಿಯಿತು. ಕಂಪ್ಯೂಟರ್ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ರೇಡಿಯೊ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲೇ ಅವಳೂ ಕುಳಿತದ್ದು. "ನನ್ನ ಕಥೆ ಏನಿದೆ, ಎಲ್ಲಾ ಬೇರೆಯವರ ಮನೆ ಕಥೆ" ಎಂದು ಎರಡು ಸಲ ಜಾರಿಕೊಂಡಳು. ಕೊನೆಗೆ ಎದುರು ಮನೆಯ ನಿವೃತ್ತ ನರ್ಸಮ್ಮ ನಡುವೆ ಬಂದು ಒಪ್ಪಿಸಿದರು. ಅಕ್ಕನ ಷರತ್ತು ಒಂದೇ: ಪೆನ್ ಡ್ರೈವಿನ ಸಂಗತಿ ಮೊದಲು ದಾಖಲಾಗಬೇಕು, ಹೊಗಳಿಕೆ ಏನಿದ್ದರೂ ಆಮೇಲೆ.

ಆ ಪೆನ್ ಡ್ರೈವ್ ಅವಳ ಕೊರಳ ದಾರದಲ್ಲಿ ತೂಗುತ್ತಿತ್ತು. ಯಾರ ಮನೆಗೆ ಹೋದರೂ ಫೋಟೊ ತಿದ್ದುವ ಪುಕ್ಕಟೆ ಪ್ರೋಗ್ರಾಮನ್ನು ಅದರಿಂದಲೇ ಹಾಕುವಳು. ಆಂಟಿವೈರಸ್ ತಕರಾರು ತೆಗೆದರೆ, "ಇದು ಸುಮ್ಮಸುಮ್ಮನೆ ಕಿರುಚುತ್ತೆ" ಎಂದು ಅದರ ಬಾಯಿ ಮುಚ್ಚಿಸಿ ಮುಂದುವರಿಯುವಳು. ಪ್ರತಿ ಯಂತ್ರಕ್ಕೂ ಒಂದು ಕಾರ್ಡು: ಯಾವ ದಿನ, ಏನು ಹಾಕಿದ್ದು, ಏನು ತೆಗೆದದ್ದು, ಕೆಟ್ಟದ್ದು ಯಾರಿಂದ. ಅದು ಅಪ್ಪನ ಕಾಲದ ಶಿಸ್ತು. ಪರವೂರಿಗೆ ಹೊರಟವರು ಮನೆಯ ಬೀಗದ ಕೈಯನ್ನು ಅವಳಿಗೇ ಕೊಟ್ಟು ಹೋಗುತ್ತಿದ್ದರು. ಅಂಗಡಿಯ ಗೋಡೆಯ ಮೊಳೆಗಳ ತುಂಬ ಅವೇ.

ಒಂದು ಬೆಳಿಗ್ಗೆ ನರ್ಸಮ್ಮ ಬಾಗಿಲಿಂದಲೇ ಕೂಗಿದರು.

"ಬಾರೇ ಇಲ್ಲಿ! ನಾನು ಬೀನ್ಸ್ ಬಿಡಿಸ್ತಾ ಕೂತಿದೀನಿ, ಕಂಪ್ಯೂಟರ್ ಮುಟ್ಟೇ ಇಲ್ಲ. ಈ ಇಂಟರ್‌ನೆಟ್ ಡಬ್ಬಿ ದೀಪ ನೋಡು, ಜ್ವರ ಬಂದವರ ನಾಡಿ ಥರ ಹೊಡ್ಕೋತಿದೆ."

"ಅಪ್‌ಡೇಟ್ ಆಗ್ತಿರುತ್ತೆ ಬಿಡಿ, ಅಮ್ಮ."

"ನಾಲ್ಕು ದಿನದಿಂದಾನಾ? ಮೂವತ್ತು ವರ್ಷ ನಾಡಿ ಹಿಡಿದವಳಿಗೆ ಪಾಠ ಹೇಳ್ತೀಯಾ?"

ಅಕ್ಕ ಕಂಪ್ಯೂಟರಿನಿಂದ ಡಬ್ಬಿಗೆ ಹೋಗುವ ಕೇಬಲ್ ಕಿತ್ತಳು. ದೀಪ ತಣ್ಣಗಾಯಿತು. ಯಂತ್ರ ಏಳುವಾಗ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿಯನ್ನು ತೆರೆದು ಬೆರಳಿಟ್ಟು ಓದಿದಳು. ಅವುಗಳಲ್ಲಿ ಒಂದು, ತಾನು ಪ್ರಿಂಟರಿನ ಸಹಾಯಕ ಎಂದು ಹೇಳಿಕೊಂಡಿತ್ತು.

"ನಿಮ್ಮ ಹತ್ರ ಪ್ರಿಂಟರ್ ಇದೆಯಾ?"

"ಇದ್ದಿದ್ರೆ ಪ್ರತಿ ಕಾಗದಕ್ಕೂ ನಿನ್ನ ಅಂಗಡಿ ಮೆಟ್ಟಿಲು ಯಾಕೆ ಹತ್ತುತ್ತಿದ್ದೆ?"

ಆ ಫೈಲು ಒಳಬಂದ ದಿನಾಂಕವನ್ನು ನೋಡಿ, ಅಂಗಡಿಯಿಂದ ಕಾರ್ಡು ತಂದು ಹೋಲಿಸಿದಳು. ಅದೇ ದಿನ: ಫೋಟೊ ಪ್ರೋಗ್ರಾಮ್ ಹಾಕಿದ ದಿನ. ಕೈ ತಾನಾಗಿ ಕೊರಳಿಗೆ ಹೋಯಿತು. ಅಂಗಡಿಯಿಂದ ತಂದ ಶುದ್ಧ ಸಿ.ಡಿ.ಯಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕನ್ನೂ ಪೆನ್ ಡ್ರೈವನ್ನೂ ತಪಾಸಣೆಗೆ ಹಚ್ಚಿದಳು. ಎರಡು ಗಂಟೆಯ ಬಳಿಕ ಎರಡರಲ್ಲೂ ಒಂದೇ ಹೆಸರು ಬಂತು: ಹಿಂಬಾಗಿಲ ಟ್ರೋಜನ್. ಉಪಕಾರಿಯ ವೇಷದಲ್ಲಿ ಒಳಹೊಕ್ಕು, ಹೊರಗಿನ ಯಾರಿಗೋ ಗುಟ್ಟಾಗಿ ಬಾಗಿಲು ತೆರೆದಿಡುವ ಜಾತಿಯದು.

ಅಳಿಸಿ ಸುಮ್ಮನೆ ಎದ್ದುಬರಬಹುದಿತ್ತು. ನರ್ಸಮ್ಮನಿಗೆ ಸುಳಿವೂ ಸಿಗುತ್ತಿರಲಿಲ್ಲ. ಕೀಲಿಗಳು ಮೊಳೆಯಲ್ಲೇ ಉಳಿಯುತ್ತಿದ್ದವು.

"ಅಮ್ಮ, ಇದನ್ನ ತಂದಿದ್ದು ನಾನೇ."

ನರ್ಸಮ್ಮ ಬೀನ್ಸ್ ತಟ್ಟೆಯನ್ನು ಕೆಳಗಿಟ್ಟರು. "ಅಂದ್ರೆ ಕೈ ತೊಳೀದೆ ಮಂಚದಿಂದ ಮಂಚಕ್ಕೆ ಹೋಗಿದೀಯ. ಎಷ್ಟು ಮಂಚ?"

"ನಿಮ್ಮದೂ ಸೇರಿ ಹತ್ತೊಂಬತ್ತು."

"ಮತ್ತೆ ನನ್ನ ಮುಖ ಏನು ನೋಡ್ತೀಯ? ಇದನ್ನ ಮುಗಿಸು, ಉಳಿದವರ ಮನೆಗೆ ನಡಿ."

ಪತ್ರ, ಫೋಟೊಗಳನ್ನಷ್ಟೇ ಸೋಸಿ ತೆಗೆದಿಟ್ಟು, ಉಳಿದುದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದಳು. ಆಮೇಲೆ ಪಾಸ್‌ವರ್ಡುಗಳನ್ನು ಬದಲಾಯಿಸಿದಳು. ಕಾರ್ಡುಗಳ ಕಟ್ಟು ಹಿಡಿದು ಮನೆಮನೆಗೆ ಹೋಗಿ, ಕೆಲಸಕ್ಕೆ ಮುಂಚೆ ತಪ್ಪು ಹೇಳಿಕೊಂಡಳು. ಕೆಲವರು ನಕ್ಕರು. ದರ್ಜಿ ನಗಲಿಲ್ಲ.

"ಬೇಜಾರು ಮಾಡ್ಕೋಬೇಡ ಅಕ್ಕ, ನನ್ನ ಕೀ ಕೊಟ್ಬಿಡು."

ಅವಳು ಮೊಳೆಯಿಂದ ತೆಗೆದು ಕೊಟ್ಟಳು. ಆ ಮೊಳೆ ಈಗಲೂ ಖಾಲಿ.

ಕೊನೆಯ ಕಾರ್ಡು ಅವನ ಮನೆಯದೇ. ಅದರಲ್ಲಿರುವ ನಮೂದು: "14 ಮಾರ್ಚ್ 2013. ಯಂತ್ರ ಶುದ್ಧ. ಕೆಟ್ಟದ್ದು ನನ್ನಿಂದ."