ಹಗುರ ಬಂದ ಗಾಡಿ

ನಮ್ಮ ಓಣಿಯಲ್ಲಿ ಲಾರಿ ಡ್ರೈವರ್ ಮನೆಯಿಂದ ಹೊರಡುವಾಗ ‘ಖಾಲಿ’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಸಕ್ಕರೆ ಡಬ್ಬಿ ಖಾಲಿ ಎಂದರೂ ತಪ್ಪೇ. ‘ಹಗುರ ಆಗ್ಯಾದ’ ಎನ್ನಬೇಕು. ವಾಡಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಡ್ರೈವರ್ ಸಂಬಳದ ಲೆಕ್ಕ ತಿಳಿದ ಮೇಲೆ ನಗು ತಾನಾಗಿ ನಿಂತಿತು.

ಲೆಕ್ಕ ಇಷ್ಟೇ. ನನ್ನ ಗಂಡ ಓಡಿಸುತ್ತಿದ್ದದ್ದು ಬೇರೆಯವರ ಗಾಡಿ. ವಾಡಿಯಲ್ಲಿ ಸಿಮೆಂಟ್ ತುಂಬಿಕೊಂಡು ಹೈದರಾಬಾದಿಗೆ ಹೋದರೆ ಟ್ರಿಪ್ಪಿಗೆ ಇಂತಿಷ್ಟು ಎಂದು ಸಂಬಳ, ಮೇಲೆ ಊಟದ ಭತ್ಯೆ. ಅದು ಖಾತ್ರಿ. ಬರುವಾಗ ಆ ಕಡೆಯಿಂದ ಮಾಲು ಸಿಕ್ಕರೆ ಆ ಬಾಡಿಗೆಯಲ್ಲಿ ಡ್ರೈವರನಿಗೂ ಒಂದು ಪಾಲು. ಸಿಗದಿದ್ದರೆ ಪಾಲೂ ಇಲ್ಲ, ಸುಮ್ಮನೆ ಸುಟ್ಟ ಡೀಸೆಲ್ಲಿಗೆ ಮಾಲೀಕರ ಸಿಡುಕು ಬೇರೆ. ಹಾಗಾಗಿ ಅಲ್ಲೇ ಗಾಡಿಯ ನೆರಳಲ್ಲಿ ಚಾಪೆ ಹಾಸಿಕೊಂಡು, ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡು, ಮಾಲು ಸಿಗುವ ತನಕ ಕಾಯುತ್ತಿದ್ದರು. ಕಾದದ್ದಕ್ಕೆ ಯಾರೂ ಬಿಡಿಗಾಸು ಕೊಡುತ್ತಿರಲಿಲ್ಲ. ಎಷ್ಟೋ ಹಬ್ಬಗಳಲ್ಲಿ ಅವರ ಪಾಲಿನ ಹೋಳಿಗೆಯನ್ನು ನಾನೇ ಸಿಟ್ಟಿನಿಂದ ತಿಂದು ಮುಗಿಸಿದ್ದೇನೆ.

ಆದರೆ ಆ ಬರುವ ಪಾಲು ನೇರ ನನ್ನ ಕೈಗೆ ಬರುತ್ತಿತ್ತು. ಹೋಗುವ ಸಂಬಳ ಕಿರಾಣಿ ಅಂಗಡಿಗೆ, ಬರುವ ಪಾಲು ನನಗೆ ಎಂದು ಮದುವೆಯಾದ ವರ್ಷವೇ ಅವರು ಮಾತು ಕೊಟ್ಟಿದ್ದರು. ಮನೆಯ ಕಪಾಟು, ಫ್ಯಾನು, ಮಗಳ ಕಾಲೇಜು, ಎಲ್ಲ ಆದದ್ದು ಅದರಲ್ಲೇ.

ಪಕ್ಕದ ಮನೆಯ ಚಾಚಿಯ ಗಂಡನೂ ಅದೇ ಮಾಲೀಕರ ಇನ್ನೊಂದು ಗಾಡಿಯ ಡ್ರೈವರ್. ಸದ್ದು ಕೇಳಿ ಗಾಡಿ ಗುರುತಿಸುವುದನ್ನು ನನಗೆ ಕಲಿಸಿದವಳು ಚಾಚಿ. ಭಾರ ಹೊತ್ತ ಗಾಡಿ ಚಿತ್ತಾಪುರ ರಸ್ತೆಯ ಏರಿನಲ್ಲಿ ನರಳುತ್ತಾ ಬರುತ್ತದೆ. ಬರಿಗಾಡಿಯಾದರೆ ಹಿಂದಿನ ಬಾಗಿಲು, ಸರಪಳಿ ಎಲ್ಲ ಗಡಗಡ ಎನ್ನುತ್ತವೆ. ಚಾಚಾನ ಗಾಡಿಯ ಸರಪಳಿಯಂತೂ ಓಣಿಗೆಲ್ಲ ಗೊತ್ತು, ತಗಡಿನ ಮೇಲೆ ಪಾತ್ರೆ ಉರುಳಿಸಿದಂತೆ. ಅದು ಕೇಳಿದೊಡನೆ ಚಾಚಿ ಮುಖ ಸಿಂಡರಿಸಿ, “ಹಗುರ ಬಂದ್ರು ನೋಡವ್ವಾ ನಮ್ ನವಾಬರು,” ಎಂದು ತವೆ ಒಲೆಗಿಡುತ್ತಿದ್ದಳು. ಮೊಬೈಲ್ ಇರಲಿಲ್ಲ ಎಂದಲ್ಲ. ಆದರೆ ಫೋನಿನಲ್ಲಿ ಗಂಡಸರು ಯಾವಾಗಲೂ ‘ಇಲ್ಲೇ ಇದ್ದೀನಿ’ ಎನ್ನುತ್ತಾರೆ. ಕಿವಿಯನ್ನು ನಂಬುವುದೇ ವಾಸಿ.

ಭಾರದ ಗಾಡಿಯಲ್ಲೂ ಒಂದು ಸಂಕಟವಿತ್ತು. ಅದು ಮನೆ ಮುಂದೆ ನಿಲ್ಲುವಂತಿಲ್ಲ. ಸೀದಾ ಹೋಗಿ ಮಾಲು ಇಳಿಸಿಯೇ ಬರಬೇಕು. ಹಾರ್ನ್ ಹೊಡೆದು ಹೋಗುವವರನ್ನು ನಾವು ಬಾಗಿಲಲ್ಲಿ ನಿಂತು ನೋಡಬೇಕು, ಅಷ್ಟೇ. ಮಗಳು ಬೆಳೆದದ್ದೇ ಆ ಹಾರ್ನ್ ಕೇಳಿಕೊಂಡು. ಅವಳ ನಿಶ್ಚಿತಾರ್ಥದ ದಿನ ಇವರು ಮನೆ ಸೇರುವಾಗ ಉಂಡ ಎಲೆಗಳನ್ನು ಎತ್ತಿಯಾಗಿತ್ತು. ಅವಳು ಜಗಳವಾಡಲಿಲ್ಲ. ಮಾತು ಕಡಿಮೆ ಮಾಡಿದಳು. ಸುಲೇಪೇಟದ ಗಂಡನ ಮನೆಗೆ ಹೋದ ಮೇಲೆ ಫೋನ್ ಮಾಡಿದರೂ ‘ಅವ್ವಗ ಕೊಡು’ ಎಂದಷ್ಟೇ ಅಪ್ಪನಿಗೆ ಹೇಳುತ್ತಿದ್ದಳು. ಇವರು ಫೋನ್ ನನ್ನ ಕೈಗಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದರು.

ಅವಳ ಕುಬಸಕ್ಕೆ ನಮ್ಮಲ್ಲಿಗೆ ಕರೆತಂದಿದ್ದೆವು. ಚೊಚ್ಚಿಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ. ಅದರ ಹಿಂದಿನ ಟ್ರಿಪ್ಪಿಗೆ ಇವರು ಹೊರಟು ನಿಂತಾಗ ಮಗಳು ಹೊಸ್ತಿಲಲ್ಲಿ ಬಂದು ನಿಂತಳು.

“ಅಪ್ಪಾ, ಈ ಸಲ ಖಾಲಿನೇ ಬಾ. ಮಾಲಿಗಿ ಕಾಯ್ಕೋತ ಕುಂದ್ರಬ್ಯಾಡ.”

ಹೊರಟವರ ಎದುರಿಗೇ ಆ ಮಾತು! ಚಾಚಿ ಗೋಡೆಯಾಚೆಯಿಂದ “ತೋಬಾ ತೋಬಾ” ಎಂದಳು. ಇವರು ಮಗಳ ಮುಖ ನೋಡಿ, “ಬರ್ತೀನವ್ವಾ,” ಎಂದು ಗಾಡಿ ಹತ್ತಿದರು.

ಕುಬಸದ ಬೆಳಿಗ್ಗೆ ಫೋನ್ ಬಂತು. ಮಾಲು ಬೇಗ ಸಿಕ್ಕಿತಂತೆ, ಶಹಾಬಾದಿನ ಅಂಗಡಿಗೆ ಕಬ್ಬಿಣದ ಸರಳು. ಖರ್ಚಿಗೆ ಆದೀತು ಎಂದು ತುಂಬಿಕೊಂಡುಬಿಟ್ಟಿದ್ದರು. “ಗಾಡಿ ವಜ್ಜಿ ಅದ. ಸೀದಾ ಶಹಾಬಾದಿಗಿ ಹೋಗಬೇಕು. ಇಳಸಿ ಬರೋದ್ರಾಗ ಸಂಜಿ ಆಗ್ತದ,” ಎಂದರು. ಮಗಳು ಕೇಳಿಸಿಕೊಂಡು ಒಳಗೆ ಹೋದಳು. ನನಗೆ ಗಂಡನ ಮೇಲೆ ಎಂಥ ಸಿಟ್ಟು ಬಂದಿತೆಂದರೆ, ಸುಲೇಪೇಟದ ಬೀಗರು ಬಂದು ಕುಳಿತಿದ್ದರಿಂದ ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ.

ಮಧ್ಯಾಹ್ನ ಮಗಳನ್ನು ಮಣೆಯ ಮೇಲೆ ಕೂರಿಸಿದೆವು. ಹಸಿರು ಸೀರೆಯಲ್ಲಿ ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಅಷ್ಟರಲ್ಲಿ ಏರಿನ ಕಡೆಯಿಂದ ಗಡಗಡ ಸದ್ದು, ಅದೇ ತಗಡಿನ ಮೇಲಿನ ಪಾತ್ರೆಯ ಸದ್ದು. ಚಾಚಾ ಸಿಮೆಂಟ್ ಹೇರಿಕೊಂಡು ಚಿಂಚೋಳಿಯ ಆಚೆ ಕುಂಚಾವರಂಗೆ ಹೋಗಿದ್ದ. ಆ ಕಾಡಿನ ಕಡೆಯಿಂದ ಬರಲು ಯಾವ ಮಾಲು ಸಿಗಬೇಕು?

“ಬಂತು ನಮ್ದು, ಹಗುರ,” ಎಂದು ಚಾಚಿ ಹಣೆ ಚಚ್ಚಿಕೊಂಡು ಹೊರಗೆ ಹೋದಳು. ಹೋದವಳು ಅಲ್ಲಿಂದಲೇ ಕೂಗಿದಳು: “ಬಾರವ್ವಾ ಹೊರಗ! ನನ್ ಗಾಡ್ಯಾಗ ನಿನ್ ಗಂಡ ಬಂದಾನ!”

ನಿಜಕ್ಕೂ ಇವರೇ ಇಳಿದರು. ಸೇಡಂ ನಾಕಾದಲ್ಲಿ ಚಹಾ ಕುಡಿಯುವಾಗ ಇಬ್ಬರೂ ಭೇಟಿಯಾಗಿದ್ದರು. ಇವರ ಮುಖ ನೋಡಿ ಚಾಚಾ ವಿಷಯ ಬಿಡಿಸಿ ಕೇಳಿ, ಕೀಲಿ ಬದಲಾಯಿಸಿಕೊಂಡಿದ್ದನಂತೆ. “ನಿನ್ ಮಾಲು ನಾ ಇಳಸ್ತೀನಿ, ನೀ ಮನಿಗಿ ನಡಿ,” ಎಂದನಂತೆ. ಮಾಲು ಇಳಿಸಿದವನಿಗೇ ಬರುವ ಪಾಲು ಸೇರುವುದು ನಮ್ಮಲ್ಲಿನ ರೂಢಿ. ಕುಬಸದ ಖರ್ಚಿಗೆಂದು ಆಸೆಪಟ್ಟದ್ದನ್ನೇ ಇವರು ಬಿಟ್ಟು ಬಂದಿದ್ದರು. ಆ ಪಾಲಿನಲ್ಲಿ ಚಾಚಿ ಹೊಸ ಕುಕ್ಕರ್ ತಂದಳು. ಅದು ಸೀಟಿ ಹೊಡೆದಾಗಲೆಲ್ಲ “ನನ್ ಕುಕ್ಕರ್ ಕರೀಲಿಕತ್ತದ” ಎಂದು ನಾನು ಕಾಡುತ್ತಿದ್ದೆ.

ಕೈಕಾಲು ತೊಳೆದುಕೊಂಡು ಇವರು ಮಗಳ ಮುಂದೆ ಬಂದು ನಿಂತರು. ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

“ಖಾಲಿ ಬಂದಿ ಅಪ್ಪಾ?”

“ಹೂಂನವ್ವಾ. ಇನ್ಮ್ಯಾಲ ದಿನಾ ಖಾಲಿನೇ ಬರ್ತೀನಿ.”

ಬಾಯಿಮಾತಿಗೆ ಹೇಳಿದರು ಎಂದುಕೊಂಡಿದ್ದೆ. ಬಾಣಂತನ ಮುಗಿಯುವುದರೊಳಗೆ ಹೈದರಾಬಾದ್ ಲೈನ್ ಬಿಟ್ಟು, ಖಣಿಯಿಂದ ಫ್ಯಾಕ್ಟರಿಗೆ ಕಲ್ಲು ಸಾಗಿಸುವ ಗಾಡಿ ಹಿಡಿದರು. ಅಲ್ಲಿ ಒಂದು ಖೇಪಿಗೆ, ಅಂದರೆ ಒಂದು ಸಲ ಕಲ್ಲು ಒಯ್ದದ್ದಕ್ಕೆ, ಇಷ್ಟು ಎಂದು ಸಂಬಳ. ಹೋಗುವಾಗ ಕಲ್ಲು, ಬರುವಾಗ ಏನೂ ಇಲ್ಲ. ನನ್ನ ಪಾಲು ನಿಂತೇಹೋಯಿತು. ಕೆಲವು ದಿನ ಮುಖ ಊದಿಸಿಕೊಂಡಿದ್ದೆ ಕೂಡ.

ಈಗ ಚಾಚಿ ಮಗನ ಜೊತೆ ಚಿತ್ತಾಪುರದಲ್ಲಿದ್ದಾಳೆ. ಓಣಿಯ ಹೊಸ ಸೊಸೆಯಂದಿರು ಗಾಡಿ ಎಲ್ಲಿದೆ ಎಂದು ಫೋನಿನಲ್ಲೇ ನೋಡುತ್ತಾರೆ. ಏರಿನಲ್ಲಿ ಭಾರದ ಗಾಡಿಯೊಂದು ನರಳಿದರೆ ಇಂದಿಗೂ ನನ್ನ ಕೈ ಹಿಟ್ಟಿನಲ್ಲೇ ನಿಲ್ಲುತ್ತದೆ. ಆ ದಿನಗಳು ಬೇಕೆನಿಸುತ್ತವೆ, ಸುಳ್ಳು ಯಾಕೆ ಹೇಳಲಿ. ಗೋಡೆಯಾಚೆ ಚಾಚಿ ಬೇಕೆನಿಸುತ್ತಾಳೆ.

ಮಗಳು ದಿನವೂ ಸಂಜೆ ಫೋನ್ ಮಾಡುತ್ತಾಳೆ. ‘ಅಪ್ಪಗ ಕೊಡು’ ಎನ್ನುತ್ತಾಳೆ. “ತಡಿ, ಇನ್ನೂ ಬಂದಿಲ್ಲ,” ಎನ್ನುವಷ್ಟರಲ್ಲಿ ರಸ್ತೆಯಲ್ಲಿ ಗಡಗಡ ಸದ್ದಾಗುತ್ತದೆ. “ಖಾಲಿ ಬಂದ್ರು ನೋಡು,” ಎಂದು ಬಾಯಿಬಿಟ್ಟೇ ಹೇಳಿ, ತವೆ ಒಲೆಗಿಡುತ್ತೇನೆ.