ಐದು ಕಾಲಿನ ಎತ್ತು

ಮೊನ್ನೆ ಸೊಸೆ ಹುಣಸೆಬೀಜ ಹುರಿದಳು. ಬಾಣಲೆಯಲ್ಲಿ ಬೀಜ ಚಟಚಟ ಸಿಡಿದು, ಸಿಪ್ಪೆ ಸೀದ ವಾಸನೆ ಎದ್ದಿದ್ದೇ ತಡ, ನಾನು ಈ ಮನೇಲಿ ಇರಲಿಲ್ಲ. ಅಜ್ಜಂಪುರದ ಪೇಟೆ ಬೀದೀಲಿ, ನಮ್ಮ ಅಂಗಡಿ ಹಿಂದಿನ ಹಿತ್ತಿಲಲ್ಲಿ, ಅಪ್ಪನ ಅವ್ವ, ನಮ್ಮಜ್ಜಿ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ. ಅಜ್ಜಿ ಹುರಿದ ಬೀಜ ನೆನೆಹಾಕಿ, ರುಬ್ಬಿ, ಅಂಟಾಗೋವರೆಗೂ ಕುದಿಸಿ, ಇದ್ದಿಲ ಪುಡಿ ಕಲಸಿ, ಉದ್ದನೆ ಬಟ್ಟೆಗೆ ಬಳಿಯೋಳು. ಒಣಗಿದ ಮೇಲೆ ಬಟ್ಟೆ ಹಲಗೆಯಂಗೆ ಗಡುಸಾಗೋದು. ಅದನ್ನ ಬೀಸಣಿಗೆಯಂಗೆ ಮಡಚಿಟ್ಟರೆ ಕಡತ. ಅಜ್ಜ ಬೆಲ್ಲ, ಕೊಬ್ಬರಿ ಲೆಕ್ಕವನ್ನ ಅದರ ಮೇಲೇ ಬಳಪದಲ್ಲಿ ಬರೆಯೋನು. ಬೇಡಾದ್ದನ್ನ ಒದ್ದೆ ಬಟ್ಟೇಲಿ ಒರೆಸೋನು.

ಕಾಗದದ ಪುಸ್ತಕ ಬಂದ ಮೇಲೆ ಕಡತಗಳು ಅಟ್ಟ ಸೇರಿದವು. ಅದರಲ್ಲೊಂದನ್ನ ಅಜ್ಜಿ ಇಳಿಸಿ, ಹೊಸ ಕಪ್ಪು ಬಳಿದು ನನಗೆ ಕೊಟ್ಟಳು. ಯಾಕಂದ್ರೆ ನಾನು ರಂಗೋಲಿಗೆ ಹೆದರ್ತಿದ್ದೆ. ಅವ್ವ ಬಲು ಕಟ್ಟುನಿಟ್ಟು. ಅಂಗಡಿ ಮುಂದೆ ಒಂದೆಳೆ ಸೊಟ್ಟ ಹೋದ್ರೂ ನೀರು ಚೆಲ್ಲಿ ಮೊದಲಿಂದ ಹಾಕಿಸೋಳು. "ನಾಳೆ ಹೋದ ಮನೇಲಿ ನನ್ನನ್ನ ಆಡಿಕೊಳ್ತಾರೆ ಕಣೇ" ಅನ್ನೋಳು. ಒಂದೊಂದು ಚುಕ್ಕಿ ಇಡೋವಾಗ್ಲೂ ಅವ್ವನ ಕಡೆ ತಿರುಗಿ ನೋಡ್ತಿದ್ದೆ. ಅಜ್ಜಿ ಕಡತ ಕೈಗಿಟ್ಟು ಹೇಳಿದ್ದು ಇಷ್ಟೇ: "ಬೀದೀಲಿ ಹಾಕೋದು ಬೀದಿಯೋರಿಗೆ. ಇದು ನಿಂದು. ಇದರಲ್ಲೇನಾದ್ರೂ ಚುಕ್ಕಿ ಇಟ್ಯೋ, ಕೈ ಮುರೀತೀನಿ ನೋಡು."

ಮಧ್ಯಾಹ್ನ ಊಟವಾಗಿ ಅಂಗಡಿ ಬಾಗಿಲು ಓರೆಯಾದ ಮೇಲೆ ಮೂಟೆಗಳ ನಡುವೆ ಬೋರಲು ಮಲಗಿ ಗೀಚ್ತಿದ್ದೆ. ಹೆಂಚಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿದು, ಅದರೊಳಗೆ ಧೂಳು ಮೆಲ್ಲಗೆ ಈಜೋದು. ಬೆಲ್ಲದ ವಾಸನೆಗೆ ಕಣ್ಣು ಎಳೆಯೋವು. ಎಚ್ಚರವೋ ನಿದ್ದೆಯೋ, ಕೈ ಹೋದ ಕಡೆ ಹೋಗೋದು. ಮೀಸೆ ಬಿಟ್ಟ ಚಂದ್ರ, ಅಮಲ್ದಾರರ ರುಮಾಲು ಸುತ್ತಿದ ಕತ್ತೆ. ಕೆಮ್ಮಣ್ಣುಗುಂಡಿ ಬೆಟ್ಟದಿಂದ ಧುಮುಕೋ ಹೆಬ್ಬೆ ನೀರು ನಾನು ನೋಡಿರಲಿಲ್ಲ, ಮೇಲಿಂದ ಕೆಳಕ್ಕೆ ಬರಬರ ಎಳೆದ್ರೆ ಅದೇ ಹೆಬ್ಬೆ.

"ಇದ್ಯಾರ ಜಡೆಯೇ?" ಅಂದಳು ಅಜ್ಜಿ.

"ಜಡೆಯಲ್ಲಜ್ಜಿ, ಹೆಬ್ಬೆ ನೀರು."

"ಹಂಗಾರೆ ಸ್ವಲ್ಪ ಎಣ್ಣೆ ಹಚ್ಚಿ ಬಾಚು, ಸಿಕ್ಕಾಗೈತೆ."

ತುಂಬಿದ ಮೇಲೆ ಒರೆಸೋದು. ದೀಪಾವಳಿಗೆ ಮುಂಚೆ ತಿಕ್ಕಿ ತೊಳೆದು ಹೊಸ ಕಪ್ಪು. ಒರೆಸಿದ್ದಕ್ಕೆ ನಾನು ಯಾವತ್ತೂ ಅತ್ತಿಲ್ಲ.

ಒಂದು ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಒಂದು ಸಂಜೆ ಕಾವಲಿನ ಹುಲ್ಲು ಮೇದ ಅಮೃತಮಹಲ್ ದನ ಬೀದಿ ತುಂಬ ಹೋಗ್ತಿದ್ದವು. ಗೊರಸಿನ ಸದ್ದು ಕೇಳ್ತಾ ಮಲಗಿದ್ದವಳು "ಕೊಡೇ ಇಲ್ಲಿ" ಅಂತ ಬಳಪ ಇಸ್ಕೊಂಡು, ಮೊದಲನೇ ಸಲ ತಾನೇ ಬರೆದಳು. ಎತ್ತು. ಕೈ ನಡುಗಿ ಕೊಂಬು ಬಳ್ಳಿಯಂಗೆ ಹಬ್ಬಿಬಿಟ್ಟಿತ್ತು. ಕಾಲು ಐದು.

"ಅಜ್ಜಿ, ಒಂದು ಹೆಚ್ಚಾಯ್ತು."

ಎಣಿಸಿ ನೋಡಿ ನಕ್ಕಳು. "ಇರಲಿ ಬಿಡೇ. ಕೆಮ್ಮಣ್ಣುಗುಂಡಿ ಹತ್ತಕ್ಕೆ ಬೇಕಾಗ್ತದೆ."

ಆಯುಧಪೂಜೆ ಕಳೀತು, ಅಜ್ಜಿ ಹೋಗಿಬಿಟ್ಟಳು. ಅವಳದು ಅಂತ ಒಂದು ಫೋಟೋ ಇಲ್ಲ. ಅಕ್ಷರ ಬರ್ತಿರಲಿಲ್ಲ, ಹೆಬ್ಬೆಟ್ಟು. ಅವಳ ಕೈಯಿಂದ ಉಳಿದದ್ದು ಆ ಎತ್ತೊಂದೇ. ಅದು ಉಳಿದ್ರೆ ಸಾಕಿತ್ತು ನನಗೆ. ಕಡತಾನ ನನ್ನ ಚಾಪೆ ಸುರುಳಿಯೊಳಗೆ ಇಟ್ಟೆ. ಬೆವರು ತಾಗಿದ್ರೂ ಅಳಿಸಿ ಹೋಗ್ತದೆ ಅಂತ ಸೆರಗಿನ ತುದೀಲಿ ಹಿಡಿದು ಬಿಚ್ಚಿ, ನೋಡಿ, ಮತ್ತೆ ಮಡಚಿಡ್ತಿದ್ದೆ. ಬಳಪ ಮುಟ್ಟಲೇ ಇಲ್ಲ.

ದೀಪಾವಳಿಗೆ ಮನೆ ಸಾರಿಸೋ ದಿನ ಕೆರೆಯಿಂದ ಬಟ್ಟೆ ಒಗೆದು ಬರ್ತಾ ಇದ್ದೆ. ಹಿತ್ತಿಲಿಂದ ಹುಣಸೆಬೀಜದ ವಾಸನೆ ಬಂತು. ಒಂದು ಗಳಿಗೆ, ಅಜ್ಜಿ ಬಂದ್ಬಿಟ್ಟಳು ಅಂದ್ಕೊಂಡೆ. ಓಡಿ ಹೋಗಿ ನೋಡಿದ್ರೆ ಚಿಕ್ಕಪ್ಪನ ಹೆಂಡತಿ, ಆ ವರ್ಷವಷ್ಟೇ ತರೀಕೆರೆ ಕಡೆಯಿಂದ ಸೊಸೆಯಾಗಿ ಬಂದಿದ್ದ ಚಿಕ್ಕಮ್ಮ. ಮೊಣಕೈವರೆಗೂ ಮಸಿ. ಗೋಡೆ ಮೇಲೆ ನನ್ನ ಕಡತ ಹಸಿಹಸಿಯಾಗಿ, ಕರ್ರಗೆ ಮಿಂಚ್ತಿತ್ತು.

"ನೋಡೇ ಪುಟ್ಟಿ! ಅಜ್ಜಿ ಇಲ್ಲ ಅಂತ ನಿನ್ನ ಕಡತಕ್ಕೆ ಯಾರೂ ಬಳಿಯಲ್ಲ ಅಂದ್ಕೊಂಡ್ಯಾ? ಹಳೇದೆಲ್ಲ ತಿಕ್ಕಿ ತೆಗ್ದಿದೀನಿ. ಚಾಪೆ ಒಳಗೆ ಮುಚ್ಚಿಟ್ಟು ಕೊರಗ್ತಿದ್ದೆಯಲ್ಲ, ಇನ್ಮೇಲೆ ಬರಿ."

ಹೊಸಬಳು, ಪಾಪ. ನಾನು ನಗಲಿ ಅಂತ ಹಬ್ಬದ ಕೆಲಸ ಬಿಟ್ಟು ಕೂತಿದ್ದಳು. "ಚೆನ್ನಾಗೈತೆ ಚಿಕ್ಕಮ್ಮ" ಅಂದೆ.

ಬಳಿದ ಕಪ್ಪಿನ ಒಳಗೆಲ್ಲೋ ಆ ಎತ್ತು ಇದ್ದೇ ಇರ್ತದೆ ಅಂತ ಓದಿದವರು ಅಂತೀರಿ. ಏನೂ ಇರಲ್ಲ, ಒರೆಸಿದ್ದು ಹೋಯ್ತು. ಕಡತ ಒಣಗಿದ ಮೇಲೆ ಅದೇ ಎತ್ತು ಬರೆಯೋಕೆ ಕೂತೆ. ನಾಲ್ಕು ಕಾಲು ಸಲೀಸಾಗಿ ಬಂತು. ಐದನೇದನ್ನ ಬೇಕಂತಲೇ ಎಳೆದೆ. ಬೇಕಂತ ಎಳೆದ ಕಾಲಿನಂಗೇ ಕಾಣ್ತು. ಒರೆಸಿ ಎಳೆದೆ, ಮತ್ತೆ ಹಂಗೇ. ಕೊನೆಗೆ ಬಿಟ್ಟುಬಿಟ್ಟೆ.

ಆ ಅಂಗಡಿ ಈಗಿಲ್ಲ, ಹಿತ್ತಿಲಲ್ಲಿ ಯಾರದೋ ಗೋಡೆ ಎದ್ದಿದೆ. ಅವ್ವ, ಚಿಕ್ಕಮ್ಮ ಎಲ್ಲ ಹೋದ್ರು. ಕಡತ ಇಲಿ ತಿಂತು. ಹುಣಸೆ ಅಂಟು ಅಂದ್ರೆ ಇಲಿಗೆ ಪ್ರಾಣ. ಮೊನ್ನೆ ಸೊಸೆ ಬಿಸಿ ಬೀಜ ಅಂಗೈಗೆ ಹಾಕಿದಳು. ನನಗೆಲ್ಲಿ ಹಲ್ಲು, ದವಡೇಲಿ ಇಟ್ಕೊಂಡು ಒಲೆ ಮುಂದೆ ಚೆಲ್ಲಿದ್ದ ಬೂದೀಲಿ ಬೆರಳಾಡಿಸ್ತಾ ಕೂತೆ. ನನ್ನ ಕೈಯೂ ಈಗ ಅಜ್ಜಿ ಕೈಯಂಗೇ ನಡುಗ್ತದೆ. ಕೊಂಬು ಎಲ್ಲೋ ಹಬ್ಬಿಕೊಂಡು ಹೋಯ್ತು. ಕಾಲು ಎಷ್ಟಾಯ್ತು ಅಂತ ಎಣಿಸೋಕೆ ಹೋಗಲಿಲ್ಲ.