ಬಾಗಿಲಿಗೊಂದು ಉಸಿರು

ಇಪ್ಪತ್ತಾರು ವರ್ಷ ವ್ಯಾಕರಣ ಕಲಿಸಿದ ಮೇಲೆ, ಶಾಲೆ ಬಿಟ್ಟ ನಂತರವಾದರೂ ಕಿವಿಗೆ ನೆಮ್ಮದಿ ಸಿಗುತ್ತದೆಂದು ಭಾವಿಸಿದ್ದೆ. ಸಿಗಲಿಲ್ಲ. ಹಳಿಯಾಳದಲ್ಲಿ ಉಚಿತ ಕಣ್ಣಿನ ಶಿಬಿರ ನಡೆಸುವವರು, ಸುತ್ತಲ ಹಳ್ಳಿಗಳಲ್ಲಿ ಸಾರಬೇಕಾದ ಪ್ರಕಟಣೆಯನ್ನು ಬರೆದು ಓದಿಕೊಡಲು ನನ್ನನ್ನೇ ಕೇಳಿದರು. ಒಪ್ಪಿಕೊಂಡದ್ದರಲ್ಲಿ ನನ್ನ ಸ್ವಾರ್ಥವೂ ಇತ್ತು. ಸಾಂಬ್ರಾಣಿಯಲ್ಲಿ ಮಗ-ಸೊಸೆಯೊಂದಿಗಿರುವ ನನ್ನ ಅಕ್ಕನ ಬಲಗಣ್ಣಿನ ಪೊರೆ ಪೂರ್ತಿ ಬಲಿತಿತ್ತು. ಹಿಂದಿನ ತಿಂಗಳು ಕುದಿಯುವ ಸಾರನ್ನು ತಟ್ಟೆಗೆಂದು ಬಗ್ಗಿಸಿ ಪಾದದ ಮೇಲೆ ಸುರಿದುಕೊಂಡಿದ್ದಳು. ಎಡಗಣ್ಣೂ ಮಸುಕಾಗತೊಡಗಿತ್ತು. ಆಸ್ಪತ್ರೆಯ ಮಾತೆತ್ತಿದರೆ ಹಿತ್ತಿಲಿಗೆ ಎದ್ದು ಹೋಗುವವಳು ಅವಳು. ಓಣಿಯವರೆಲ್ಲ ಹೊರಟರೆ ಅವರ ಜೊತೆಗಾದರೂ ಬಂದಾಳೆಂದು ನಾನು ನಂಬಿದ್ದೆ.

ಪ್ರಕಟಣೆಯನ್ನು ನಾಲ್ಕು ಸಲ ತಿದ್ದಿದೆ. "ಗ್ರಾಮಸ್ಥರ ಗಮನಕ್ಕೆ. ನಾಳೆ ಬೆಳಿಗ್ಗೆ ಒಂಬತ್ತು ಗಂಟೆಗೆ ಹಳಿಯಾಳದಲ್ಲಿ ಉಚಿತ ನೇತ್ರತಪಾಸಣಾ ಹಾಗೂ ಶಸ್ತ್ರಚಿಕಿತ್ಸಾ ಶಿಬಿರವನ್ನು ಏರ್ಪಡಿಸಲಾಗಿದ್ದು..." ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದವು.

ಮೈಕಿನ ಆಟೋ ಒಬ್ಬ ಮೆಕ್ಯಾನಿಕನದು. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ ಆಡುವ ಸಾಬರ ಮನುಷ್ಯ. ನನ್ನ ಓದನ್ನು ರೆಕಾರ್ಡ್ ಮಾಡಿಕೊಂಡು, ಕೇಳಿ, ತಲೆ ಕೆರೆದುಕೊಂಡ.

"ಭಾಳ ಚಲೋ ಐತ್ರಿ ಮಾಸ್ತರ. ಆದ್ರ ಗಾಡಿ ಒಂದು ಬಾಗಲಾ ದಾಟಾಕ ಒಂದ ಉಸರು ಹಿಡೀತೈತ್ರಿ. ಹಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡ್ಕೋತ ಬರ್ತಾವ, ನಿಲ್ಲಾಕ ಬರಂಗಿಲ್ಲ. ಅಷ್ಟರಾಗ ಮಾತು ಮುಗೀಬೇಕ್ರಿ."

"ಹಾಗಾದರೆ ನೀನೇನೆಂದು ಸಾರುತ್ತೀ?"

"ಕಣ್ಣಕ್ಯಾಂಪ ಐತಿ, ಬರ್ರೀ!"

ಕಣ್ಣಕ್ಯಾಂಪ! ಅರಿಸಮಾಸಕ್ಕಾದರೂ ಒಂದು ಮರ್ಯಾದೆಯಿರುತ್ತದೆ. ಮೇಲೆ ಈ 'ಬರ್ರಿ'. ನಮ್ಮ ಸೀಮೆಯ ಬಾಯಿಯ ನಡವಳಿಕೆ ಕಂಡು ನಾನು ಸೋತಿದ್ದೇನೆ. 'ಬಸ್' ಎಂಬ ಪದ ವ್ಯಂಜನದಲ್ಲಿ ಮುಗಿಯಿತೆಂದು ಸಂಕಟಪಟ್ಟು, ಕೊನೆಗೊಂದು ಉಕಾರ ಅಂಟಿಸಿ 'ಬಸ್ಸು' ಮಾಡುತ್ತದೆ. 'ಪ್ರಾಣ'ದ ಮೊದಲಿನ ಒತ್ತು ಭಾರವಾಯಿತೆಂದು ನಡುವೆ ಅಕಾರ ತೂರಿಸಿ 'ಪರಾಣ' ಮಾಡುತ್ತದೆ. ಅದೇ ಬಾಯಿ 'ಬರಿರಿ' ಎಂಬಲ್ಲಿ ತೆಪ್ಪಗೆ ಕುಳಿತಿದ್ದ ಇಕಾರವನ್ನು ಕಿತ್ತೆಸೆದು ಎರಡು ರಕಾರಗಳಿಗೆ ಡಿಕ್ಕಿ ಹೊಡೆಸುತ್ತದೆ! ಸ್ವರದ ಆಸರೆ ಬೇಕೆಂಬುದು ಒಂದು ಒತ್ತಾಯ, ಬೇಗ ಮುಗಿಸೆಂಬುದು ಇನ್ನೊಂದು. ಪದದ ಆರಂಭದಲ್ಲೂ ಕೊನೆಯಲ್ಲೂ ಮೊದಲನೆಯದು ಗೆದ್ದರೆ ನಡುವಿನಲ್ಲಿ ಎರಡನೆಯದು ಗೆಲ್ಲುತ್ತದೆ. ಮೂಲರೂಪವನ್ನು ಕೆಡಿಸಬೇಡ ಎಂಬ ಮೂರನೆಯದೂ ಇದೆ. ನಾನು ಆ ಪಕ್ಷದವನು. ನಮ್ಮ ತಾಲೂಕಿನಲ್ಲಿ ಅದಕ್ಕೆ ಠೇವಣಿಯೂ ಉಳಿಯುವುದಿಲ್ಲ.

"ನನ್ನದನ್ನೇ ಹಾಕು" ಎಂದೆ. ಹಾಕಿದ. ಹಗಲೆಲ್ಲ ಹಳ್ಳಿ ಸುತ್ತಿದ.

ಸಂಜೆ ಅಕ್ಕನ ಫೋನು ಬಂತು.

"ನಾಳೆ ಹಳಿಯಾಳದಾಗೂ ನೀರ ಬಂದ್ ಐತೇನೋ? ಇಲ್ಲಿ ಯಾವನೋ ಸರಕಾರದಾವ ಒದರಿ ಹ್ವಾದ. ಕೊಡ, ಹಂಡೆ, ಪಾತೇಲಿ ಎಲ್ಲಾ ತುಂಬಿಸಿಟ್ಟೇವಿ."

"ಅಕ್ಕಾ, ಅದು ನಾನು."

"ನೀರ ಬಂದ್ ಮಾಡಾವ ನೀನ?"

ಅವಳ ಬಾಗಿಲಿಗೆ ದಕ್ಕಿದ್ದು ಗ್ರಾಮಸ್ಥರ ಗಮನ ಮತ್ತು ನಾಳೆ ಬೆಳಿಗ್ಗೆಯ ಒಂಬತ್ತು ಗಂಟೆ ಮಾತ್ರ; ಅಲ್ಲಿ ಹಾಗೆ ಸಾರುವುದು ನೀರು ನಿಲ್ಲಿಸುವಾಗಲೇ. ನೇತ್ರ ಮುಂದಿನ ಮನೆಗೆ ಹೋಗಿತ್ತು, ಶಸ್ತ್ರ ಅದರಾಚೆಯ ಮನೆಗೆ. ಶಿಬಿರದ ವಿಷಯ ಬಿಡಿಸಿ ಹೇಳಿದೆ. ಹಿಡಿದಿಟ್ಟ ನೀರಿದೆಯಲ್ಲ, ನಾಳೆ ಹಾಸಿಗೆಬಟ್ಟೆ ಒಗೆಯಬೇಕು ಎಂದು ಫೋನಿಟ್ಟಳು.

ಮರುದಿನ ಬೆಳಿಗ್ಗೆ ನಾನೇ ಆಟೋ ಹತ್ತಿದೆ. ಈ ಶಿಬಿರ ತಪ್ಪಿದರೆ ಮುಂದಿನದು ಯಾವಾಗಲೋ. ಅಷ್ಟರಲ್ಲಿ ಎಡಗಣ್ಣೂ ಹೋದೀತು. ಸಾಂಬ್ರಾಣಿಯ ಬಸ್ ತಂಗುದಾಣದಲ್ಲಿ ಶಿಬಿರಕ್ಕೆಂದು ಒಂದು ನರಪಿಳ್ಳೆಯೂ ಕಾದಿರಲಿಲ್ಲ. ಅಕ್ಕನ ಓಣಿಗೆ ತಿರುಗುತ್ತಲೇ ಮೆಕ್ಯಾನಿಕ ಮೈಕನ್ನು ನನ್ನ ಕೈಗೆ ತುರುಕಿದ.

ಅವಳು ಅಂಗಳದಲ್ಲಿ ಕೌದಿ ಹಿಂಡುತ್ತಿದ್ದಳು. ಆಟೋದ ಸದ್ದಿಗೆ ಎದ್ದು ಒಳಗೆ ನಡೆದಳು. ನಾನು ಚೀಟಿ ಬಿಡಿಸಿ "ಗ್ರಾಮಸ್ಥರ" ಎಂದೆ. ಹಿಂದೆ ಟ್ರ್ಯಾಕ್ಟರು ಹಾರ್ನ್ ಹೊಡೆಯಿತು. ಅವಳ ಒಂದು ಕೈ ಗೋಡೆಯ ಮೇಲಿತ್ತು. ಐವತ್ತು ವರ್ಷ ಹತ್ತಿ ಇಳಿದ ಅದೇ ಮೆಟ್ಟಿಲನ್ನು ಅವಳ ಕಾಲು ಗಾಳಿಯಲ್ಲಿ ಹುಡುಕುತ್ತಿತ್ತು, ಮೆಟ್ಟಿಲು ಇಲ್ಲದ ಕಡೆ.

"ಯಕ್ಕಾ! ಕಣ್ಣ ತೋರ್ಸಾಕ ಬಾರ! ಗಾಡಿ ಹೊಂಟೈತಿ!"

ಓಣಿಯೆಲ್ಲ ಮೊಳಗಿತು. ಅದರಲ್ಲಿ ಎಷ್ಟು ಸ್ವರ ಬಿದ್ದುಹೋದವೋ ನಾನು ಎಣಿಸಲಿಲ್ಲ.

ಅಕ್ಕ ಅಲ್ಲಿಂದಲೇ ತಿರುಗಿದಳು. "ಬಾಯಿ ಮುಚ್ಚೋ! ಊರ ಮಂದಿಗೆಲ್ಲಾ ನನ್ನ ಕಣ್ಣಿನ ಸುದ್ದಿ ಸಾರಾಕ ಬಂದಿಯೇನು?"

"ಯಕ್ಕಾ! ಬಾರ!" ಎಂದೆ ಮತ್ತೆ, ಮೈಕಿನಲ್ಲೇ.

ಎದುರುಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹೋಗ ಬೇ ಯಕ್ಕಾ, ನಿನ್ನ ತಮ್ಮ ಅಳಾಕ ಬಂದಾನ."

ನನ್ನ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ ಅಕ್ಕ ಒದ್ದೆ ಕೈಯಲ್ಲೇ ಬಂದು ಆಟೋದಲ್ಲಿ ಕುಳಿತಳು. ಸೊಸೆ ಓಡಿಬಂದು ಚಪ್ಪಲಿಯನ್ನೂ ಎಲೆಅಡಿಕೆಯನ್ನೂ ಕೊಟ್ಟಳು.

ಮುಂದಿನ ಹಳ್ಳಿಯಲ್ಲಿ ಮೈಕಿನಿಂದ ನನ್ನ ಪ್ರಕಟಣೆ ಬರಲಿಲ್ಲ. "ಯಕ್ಕಾ! ಕಣ್ಣ ತೋರ್ಸಾಕ ಬಾರ!" ಎಂದು ನನ್ನದೇ ಗಂಟಲು ಒದರಿತು. ಆ ಪುಣ್ಯಾತ್ಮ ಅದನ್ನೂ ರೆಕಾರ್ಡ್ ಮಾಡಿಕೊಂಡಿದ್ದ! ಬಾಗಿಲುಗಳಲ್ಲಿ ಮುಖಗಳು ಕಾಣಿಸಿದವು. ಯಾವ ಓಣಿಯಲ್ಲಿ ತಾನೇ ಒಬ್ಬಳು ಅಕ್ಕ ಇರುವುದಿಲ್ಲ?

"ಮೊದಲು ಅದನ್ನು ತೆಗೆ" ಎಂದೆ.

"ತಗೀಬ್ಯಾಡಪಾ" ಎಂದಳು ಅಕ್ಕ. ಅವಳ ದನಿ ಸಣ್ಣದಾಗಿತ್ತು. "ಇನ್ನೂ ನಾಕ ಮಂದಿ ಬರ್ಲಿ. ನಾ ಒಬ್ಬಾಕಿನ ಅಲ್ಲಿ ಹೆಂಗ ಹೋಗ್ಲಿ?"

ಮೂವರು ಮುದುಕಿಯರು ಹತ್ತಿದರು. ಜಾಗ ಸಾಲದೆ ನಾನು ಚಾಲಕನ ಪಕ್ಕ ಅರ್ಧ ಸೀಟಿನಲ್ಲಿ ಜೋತು ಬಿದ್ದು, ನನ್ನ ತಪ್ಪುಗಳನ್ನು ನಾನೇ ಕೇಳುತ್ತ ಹಳಿಯಾಳ ತಲುಪಿದೆ.

ಮಧ್ಯಾಹ್ನದ ಆಪರೇಷನ್ ಪಟ್ಟಿಯಲ್ಲಿ ಅಕ್ಕನ ಬಲಗಣ್ಣು ಸೇರಿತು. ಒಳಗೆ ಹೋಗುವ ಮುನ್ನ, ಮೂವರು ಮುದುಕಿಯರ ನಡುವೆ ನಿಂತು, ಎಲೆಅಡಿಕೆಯ ಪೊಟ್ಟಣವನ್ನು ನನ್ನ ಕೈಗಿತ್ತಳು. ಆಟೋದಲ್ಲಿ ಸಿಕ್ಕಿದ ಯಾವುದೋ ಕಾಗದದಲ್ಲಿ ಸುತ್ತಿದ್ದಳು. ನಾಲ್ಕು ಸಲ ತಿದ್ದಿದ ಕಾಗದ. 'ಶಸ್ತ್ರಚಿಕಿತ್ಸಾ' ಎಂಬುದರ ಮೇಲೆ ದಪ್ಪಗೆ ಸುಣ್ಣ ಹತ್ತಿತ್ತು.